ಜಾವಾ 250: ವರ್ಷಗಟ್ಟಲೆ ನಿಂತು ಜಾಮ್ ಆದ ಎಂಜಿನ್, ಮನೆ ಗ್ಯಾರೇಜಿನಲ್ಲಿ ಎಲ್ಲಿಂದ ಶುರು ಮಾಡೋದು?

ಯಾದವಗಿರಿ_68

ಗಾಡಿ ಜಾವಾ 250, ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದದ್ದು, 1968ರದು, 16 ಇಂಚಿನ ಚಕ್ರದ ಹಳೇ ಮಾದರಿ. ಆರ್‌ಸಿ ಪುಸ್ತಕ ಇದೆ, ಆದರೆ ಅವಧಿ ಮುಗಿದಿದೆ. ಚಾಸಿ ನಂಬರು, ಎಂಜಿನ್ ನಂಬರು ಎರಡೂ ಪುಸ್ತಕಕ್ಕೆ ತಾಳೆ ಆಗುತ್ತವೆ.

ಈಗಿನ ಸ್ಥಿತಿ: ಕಿಕ್ ಸ್ವಲ್ಪವೂ ಇಳಿಯೋದಿಲ್ಲ. ಜಿಕೋವ್ ಕಾರ್ಬ್ಯುರೇಟರ್ ಮೂಲದ್ದೇ, ಒಳಗೆ ಪೆಟ್ರೋಲ್ ಒಣಗಿ ಹಸಿರು ಅಂಟು ಹಿಡಿದಿದೆ. ಟ್ಯಾಂಕಿನ ಒಳಗೆ ತುಕ್ಕು, ತೂತು ಬಿದ್ದಿಲ್ಲ. ಗೇರ್‌ಬಾಕ್ಸ್ ಆಯಿಲ್ ಇಳಿಸಿದಾಗ ಅರ್ಧ ಲೀಟರೂ ಬರಲಿಲ್ಲ, ಆದರೆ ಹೊರಗಡೆ ಎಲ್ಲೂ ಸೋರಿದ ಕಲೆ ಕಾಣೋದಿಲ್ಲ. ವೈರಿಂಗ್‌ನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತಿದೆ.

ಬೆಂಚ್ ವೈಸ್, ಸ್ಪ್ಯಾನರ್ ಸೆಟ್, ಮಲ್ಟಿಮೀಟರ್, ಫೀಲರ್ ಗೇಜ್, ಹೀಟ್ ಗನ್ ನನ್ನ ಹತ್ತಿರ ಇವೆ. ಪ್ರೆಸ್, ಲೇತ್ ಇಲ್ಲ. ಪೇಂಟರ್ "ಮೊದಲು ಬಾಡಿ ಕೊಡಿ, ಎಂಜಿನ್ ಆಮೇಲೆ ನೋಡಿಕೊಳ್ಳಿ" ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ? ಪಿಸ್ಟನ್ ಬಿಡಿಸೋದು ಹೇಗೆ? 6 ವೋಲ್ಟ್ ಇಟ್ಟುಕೊಳ್ಳೋದಾ, 12ಕ್ಕೆ ಬದಲಿಸೋದಾ?

---

ಟೂಸ್ಟ್ರೋಕ್_ಮಲೆನಾಡು

ಪೇಂಟ್ ಕೊನೆಗೆ. ಬಣ್ಣ ಹೊಡೆದ ಫ್ರೇಮಿಗೆ ಎಂಜಿನ್ ಕೂರಿಸಿ, ಸೀಲ್ ಸರಿಯಿಲ್ಲ ಅಂತ ಮತ್ತೆ ಇಳಿಸಿದರೆ ಬಣ್ಣದ ಮೇಲೆ ಗೀರು ಗ್ಯಾರಂಟಿ. ಎಂಜಿನ್ ಓಡಬೇಕು, ಬ್ರೇಕ್ ಹಿಡಿಯಬೇಕು, ಗಾಡಿ ಬಣ್ಣವಿಲ್ಲದೆ ಒಂದಿಷ್ಟು ದೂರ ತಿರುಗಬೇಕು. ಆಮೇಲೆ ಪೂರ್ತಿ ಬಿಚ್ಚಿ ಬಣ್ಣಕ್ಕೆ ಕಳಿಸಿ. ಎರಡು ಸಲ ಬಿಚ್ಚುವ ಶ್ರಮ ಅನಿಸಬಹುದು, ಆದರೆ ಯಾವ ಬ್ರಾಕೆಟ್ ಎಲ್ಲಿ ತಾಗುತ್ತೆ, ಯಾವ ಬೋಲ್ಟ್ ಉದ್ದ, ಯಾವುದು ಗಿಡ್ಡ ಅನ್ನೋದೆಲ್ಲ ಆ ಮೊದಲ ಜೋಡಣೆಯಲ್ಲೇ ಗೊತ್ತಾಗೋದು.

ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಗೇರ್‌ಬಾಕ್ಸ್ ಆಯಿಲಿಂದು. ಈ ಎಂಜಿನ್‌ನಲ್ಲಿ ಸುಮಾರು 1 ಲೀಟರ್ ಇರಬೇಕು. ಹೊರಗೆ ಸೋರಿಲ್ಲ ಅಂದರೆ ಒಳಗೇ ಹೋಗಿದೆ. ಎಡಬದಿಯ ಪ್ರೈಮರಿ ಚೈನ್, ಕ್ಲಚ್ ಎಲ್ಲ ಗೇರ್‌ಬಾಕ್ಸ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಆ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದರೆ ಎಣ್ಣೆ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ಇದರಲ್ಲೊಂದು ಒಳ್ಳೇದೂ ಇದೆ: ಎಣ್ಣೆಯಲ್ಲಿ ಕೂತ ಕ್ರ್ಯಾಂಕ್ ಮತ್ತು ಬೇರಿಂಗ್ ತುಕ್ಕು ಹಿಡಿಯದೆ ಉಳಿದಿರುವ ಸಾಧ್ಯತೆ ಹೆಚ್ಚು. ಹಿಡಿದಿರೋದು ಬಹುಶಃ ಮೇಲಿನ ರಿಂಗುಗಳು ಮಾತ್ರ.

ಪಿಸ್ಟನ್ ಬಿಡಿಸೋದಕ್ಕೆ ಕಿಕ್ ಮೇಲೆ ನಿಲ್ಲಲೇಬೇಡಿ. ಜಾವಾದಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಹಿಡಿದ ಎಂಜಿನ್ ಮೇಲೆ ಒದ್ದರೆ ಒಳಗಿನ ಹಲ್ಲು ಮುರಿಯುತ್ತೆ, ಆಗ ಸಿಲಿಂಡರ್ ಕೆಲಸದ ಜೊತೆ ಎಂಜಿನ್ ಸೀಳುವ (ಕೇಸಿನ ಎರಡು ಭಾಗ ಬೇರ್ಪಡಿಸುವ) ಕೆಲಸವೂ ತಲೆಗೆ ಬರುತ್ತೆ. ಪ್ಲಗ್ ಬಿಚ್ಚಿ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ಸಮಸಮ ಬೆರೆಸಿ 50 ಮಿ.ಲೀ. ಹಾಕಿ. ಸೈಲೆನ್ಸರ್ ಪೈಪ್ ಕಳಚಿ ಎರಡೂ ಎಕ್ಸಾಸ್ಟ್ ಪೋರ್ಟಿನಿಂದಲೂ ಪಿಸ್ಟನ್ ಪಕ್ಕಕ್ಕೆ ಸ್ವಲ್ಪ ಬಿಡಿ. ಅಸಿಟೋನ್ ಹಾರಿಹೋಗುತ್ತೆ, ಅದಕ್ಕೇ ದಿನಕ್ಕೊಮ್ಮೆ ಹೊಸದಾಗಿ ಹಾಕಬೇಕು. ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ನಾಲ್ಕೈದು ದಿನ ಬಿಟ್ಟು ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಸಾಕು, ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಮತ್ತೆ ಅಲ್ಲಾಡಿಸಿ. ಕದಲದಿದ್ದರೆ ಹೆಡ್ ತೆಗೆದು ಸಿಲಿಂಡರ್ ಹೊರಮೈಯನ್ನು ಹೀಟ್ ಗನ್‌ನಿಂದ ಸುತ್ತಲೂ ಸಮವಾಗಿ ಬಿಸಿ ಮಾಡಿ (ಅಸಿಟೋನ್ ಪೂರ್ತಿ ಆರಿದ ಮೇಲೆಯೇ), ದಪ್ಪ ಮರದ ತುಂಡಿಟ್ಟು ಹಗುರವಾಗಿ ತಟ್ಟಿ. ಕಬ್ಬಿಣದ ರಾಡಿಟ್ಟು ಹೊಡೆದರೆ ಪಿಸ್ಟನ್ ತಲೆ ಒಡೆಯುತ್ತೆ, ಕನೆಕ್ಟಿಂಗ್ ರಾಡೂ ಬಾಗಬಹುದು.

ಎಕ್ಸಾಸ್ಟ್ ನಟ್‌ಗೆ ಕೊಕ್ಕೆ ಸ್ಪ್ಯಾನರ್ ತರಿಸಿಕೊಳ್ಳಿ. ಉಳಿ, ಸುತ್ತಿಗೆಯಿಂದ ಹೊಡೆದು ಬಿಚ್ಚಿದ ನಟ್‌ಗಳನ್ನು ಎಲ್ಲ ಹಳೇ ಜಾವಾದಲ್ಲೂ ನೋಡಬಹುದು, ಹಲ್ಲು ಹೋಗಿ ಸಿಲಿಂಡರಿನ ಥ್ರೆಡ್ಡೂ ಹಾಳಾಗಿರುತ್ತೆ.

---

ಬೋರಿಂಗ್_ಬೆಂಚ್

ಸಿಲಿಂಡರ್ ಮೇಲೆತ್ತುವಾಗ ಪಿಸ್ಟನ್ ಕೆಳಗೆ ಹಳೇ ಬಟ್ಟೆ ತುರುಕಿ, ಮುರಿದ ರಿಂಗ್ ಚೂರು ಕ್ರ್ಯಾಂಕ್‌ಕೇಸಿಗೆ ಬೀಳದ ಹಾಗೆ. ಆಮೇಲೆ ಮೊದಲು ಅಳತೆ, ಅಂಗಡಿ ಎರಡನೇದು.

ಈ ಎಂಜಿನ್‌ನ ಸ್ಟ್ಯಾಂಡರ್ಡ್ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 75. ಬೋರ್ ಗೇಜ್ ಇರುವ ಕಡೆ ಒಯ್ದು ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಸಿ: ಮೇಲಿನ ರಿಂಗ್ ನಿಲ್ಲುವ ಜಾಗ, ಎಕ್ಸಾಸ್ಟ್ ಪೋರ್ಟಿನ ಸ್ವಲ್ಪ ಮೇಲೆ, ತಳ. ಸವೆತ ಸಾಮಾನ್ಯವಾಗಿ ಪೋರ್ಟಿನ ಹತ್ತಿರವೇ ಜಾಸ್ತಿ. ತುಕ್ಕಿನ ಗುಳಿ ಉಗುರಿಗೆ ತಾಗಿದರೆ ಹೋನಿಂಗ್‌ನಿಂದ (ಕಲ್ಲಿನಿಂದ ತೆಳುವಾಗಿ ಉಜ್ಜೋದರಿಂದ) ಹೋಗೋದಿಲ್ಲ, ಬೋರ್ ಮಾಡಿಸಲೇಬೇಕು. ಓವರ್‌ಸೈಜ್ 0.25 ಮಿ.ಮೀ. ಹಂತದಲ್ಲಿ ಸಿಗುತ್ತೆ. ಗುಳಿ ಹೋಗುವಷ್ಟು ಕಡಿಮೆ ಹಂತ ಏರಿಸಿ, ಒಂದೇ ಸಲಕ್ಕೆ 1 ಮಿ.ಮೀ.ಗೆ ಹಾರಬೇಡಿ.

ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಂಗ್. ಈಗ ಮಾರುಕಟ್ಟೆಯಲ್ಲಿರುವ ಪಿಸ್ಟನ್‌ಗಳಲ್ಲಿ "65.50" ಅಂತ ಬರೆದಿದ್ದರೂ ನಿಜವಾದ ಅಳತೆ ಒಂದರಿಂದ ಇನ್ನೊಂದಕ್ಕೆ ಬೇರೆ ಇರುತ್ತೆ. ಸ್ಕರ್ಟಿನ ಕೆಳಭಾಗದಲ್ಲಿ, ಗಜನ್ ಪಿನ್‌ಗೆ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ಅಡ್ಡವಾಗಿ ಮೈಕ್ರೋಮೀಟರ್ ಹಿಡಿದು, ಅದರ ಮೇಲೆ 0.07 ಮಿ.ಮೀ. ಆಸುಪಾಸು ಗ್ಯಾಪ್ ಬಿಡಲು ಹೇಳಿ. ಕಾರಿನ ಎಂಜಿನ್ ಮಾಡುವವರಿಗೆ ಇದು ಸಡಿಲ ಅನಿಸಿ 0.04ಕ್ಕೆ ಬಿಗಿ ಮಾಡಿಕೊಡುತ್ತಾರೆ. ಗಾಳಿಯಿಂದ ತಣಿಯುವ ಕಬ್ಬಿಣದ ಸಿಲಿಂಡರಿನ ಟೂ ಸ್ಟ್ರೋಕ್ ಅಷ್ಟು ಬಿಗಿಯಲ್ಲಿ ಮೊದಲ ಏರಿನಲ್ಲೇ ಸೀಜ್ ಆಗುತ್ತೆ, ಅಂದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ.

ಎಲ್ಲರೂ ಮರೆಯುವ ಕೆಲಸ ಒಂದಿದೆ. ಬೋರ್ ಆದ ಮೇಲೆ ಪ್ರತಿಯೊಂದು ಪೋರ್ಟಿನ ಅಂಚೂ ಬ್ಲೇಡಿನಷ್ಟು ಹರಿತವಾಗಿರುತ್ತೆ. ಸಣ್ಣ ಅರದಿಂದಲೋ ಎಮೆರಿ ಕಲ್ಲಿನಿಂದಲೋ ಅರ್ಧ ಮಿ.ಮೀ.ನಷ್ಟು ಅಂಚು ಮುರಿಯಬೇಕು, ಮೇಲಂಚು ಕೆಳಂಚು ಎರಡೂ. ಬಿಟ್ಟರೆ ರಿಂಗ್ ಆ ಅಂಚಿಗೆ ಸಿಕ್ಕಿ ಮುರಿಯುತ್ತೆ. ಲೇತ್‌ನವರು ತಾವಾಗಿ ಮಾಡಿಕೊಡೋದು ಅಪರೂಪ, ಬೆರಳಾಡಿಸಿ ನೋಡಿಯೇ ಸಿಲಿಂಡರ್ ವಾಪಸ್ ತನ್ನಿ. ತಂದ ಮೇಲೆ ಪೆಟ್ರೋಲಲ್ಲ, ಬಿಸಿನೀರು ಮತ್ತು ಸೋಪಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬರೋದು ನಿಲ್ಲುವವರೆಗೂ ತೊಳೆಯಬೇಕು. ಆ ಬೂದು ಅಂದರೆ ಹೋನಿಂಗ್ ಕಲ್ಲಿನ ಪುಡಿ. ತೊಳೆದ ತಕ್ಷಣ ಎಣ್ಣೆ ಸವರಿ.

ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ ಬಾಯಿ ಗ್ಯಾಪ್ ನೋಡಿ: 0.2ಕ್ಕಿಂತ ಕಡಿಮೆ ಇರಬಾರದು, 0.4 ದಾಟದಿದ್ದರೆ ಒಳ್ಳೇದು. ಪಿಸ್ಟನ್ನಿನ ಗೀರಿನಲ್ಲಿ ಪಿನ್ ಇರುತ್ತೆ, ರಿಂಗಿನ ಬಾಯಿ ಆ ಪಿನ್ ಮೇಲೆಯೇ ಕೂರಬೇಕು.

ಕ್ರ್ಯಾಂಕ್ ಪರೀಕ್ಷೆ: ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆದು ತಳ್ಳಿ. ಪಕ್ಕಕ್ಕೆ ಸ್ವಲ್ಪ ಜಾರೋದು ಸಹಜ. ಮೇಲೆ ಕೆಳಗೆ "ಟಕ್" ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಎಂಜಿನ್ ಸೀಳಿ ಕ್ರ್ಯಾಂಕ್ ಪ್ರೆಸ್ ಮಾಡಿಸಬೇಕು. ಪ್ರೆಸ್ ಆದ ಕ್ರ್ಯಾಂಕನ್ನು ಸೆಂಟರ್ ನಡುವೆ ತಿರುಗಿಸಿ, ಎರಡೂ ಬದಿಯ ಓಲಾಟ 0.03 ಮಿ.ಮೀ. ಒಳಗಿದೆ ಅಂತ ಡಯಲ್ ಗೇಜಿನಲ್ಲಿ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ.

---

ಯಾದವಗಿರಿ_68

ಪಿಸ್ಟನ್ ಬಿಟ್ಟಿತು, ಸಿಲಿಂಡರ್ ಹೊರಗೆ ಬಂದಿದೆ. ಎಕ್ಸಾಸ್ಟ್ ಪೋರ್ಟಿನ ಮೇಲೆ ಗುಳಿಗಳಿವೆ, ಬೋರಿಂಗ್ ಬೇಕೇ ಬೇಕು. ರಾಡ್‌ನಲ್ಲಿ ಮೇಲೆ ಕೆಳಗೆ ಆಟ ಇಲ್ಲ. ಕ್ರ್ಯಾಂಕ್‌ಕೇಸಿನಲ್ಲಿ ಕಪ್ಪೆಣ್ಣೆ ನಿಂತಿತ್ತು, ಮಲೆನಾಡು ಅವರು ಹೇಳಿದ ಹಾಗೇ. ಎಡಗಡೆ ಸೀಲ್ ಒಂದನ್ನೇ ಬದಲಿಸಿದರೆ ಸಾಕಾ? ಬದಲಿಸಿದ ಮೇಲೆ ಸರಿಯಾಗಿದೆ ಅಂತ ಎಂಜಿನ್ ಸ್ಟಾರ್ಟ್ ಮಾಡದೆ ತಿಳಿಯೋದು ಹೇಗೆ?

---

ಟೂಸ್ಟ್ರೋಕ್_ಮಲೆನಾಡು

ಎರಡೂ ಬದಲಿಸಿ. ಎರಡೂ ಒಂದೇ ವಯಸ್ಸಿನವು. ಎಡಗಡೆ ಸೀಲ್ ಸೋತರೆ ಎಣ್ಣೆ ಸೇದಿ ದಟ್ಟ ಬಿಳಿ ಹೊಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ. ಬಲಗಡೆ, ಡೈನಮೋ ಹಿಂದಿನದು ಸೋತರೆ ಗಾಳಿ ಸೇದುತ್ತೆ, ಹೊಗೆಯಿಲ್ಲ, ಸುಳಿವಿಲ್ಲ. ಮಿಶ್ರಣ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ರೇಸ್ ಆಗಿ, ಹೊಸ ಪಿಸ್ಟನ್ ಕರಗುತ್ತೆ. ಜನ ಕಾರ್ಬ್ಯುರೇಟರ್ ಮೇಲೆ ಕಾರ್ಬ್ಯುರೇಟರ್ ಬದಲಿಸುತ್ತಾ ಕೂರೋದು ಈ ಬಲಗಡೆ ಸೀಲಿನಿಂದಲೇ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ ಪಂಪು, ಅದರಿಂದ ಗಾಳಿ ಹೋಗೋದೂ ಬರೋದೂ ನಿಂತ ಮೇಲೆಯೇ ಟ್ಯೂನಿಂಗ್ ಮಾತು.

ಡೈನಮೋ ಆರ್ಮೇಚರ್ ಕ್ರ್ಯಾಂಕ್ ತುದಿಯ ಟೇಪರ್ ಮೇಲೆ ಕೂತಿರುತ್ತೆ, ಎಳೆಯುವ ಬೋಲ್ಟ್ ಹಾಕಿಯೇ ತೆಗೆಯಿರಿ, ಹಿಂದಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕ್ಲಚ್ ಹಬ್‌ಗೂ ಪುಲ್ಲರ್ ಬೇಕು. ಹೊಸ ಸೀಲ್ ಕೂರಿಸುವ ಮೊದಲು ಶಾಫ್ಟ್ ಮೇಲೆ ಹಳೇ ಸೀಲ್ ತುಟಿ ಕೊರೆದ ಗೆರೆ ಇದೆಯಾ ನೋಡಿ. ಉಗುರಿಗೆ ಸಿಕ್ಕುವ ಗೆರೆ ಇದ್ದರೆ ಸೀಲನ್ನು ಒಂದು ಮಿ.ಮೀ. ಆಚೀಚೆ ಕೂರಿಸಿ. ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಕೀ ದಾರಿ ಮತ್ತು ಥ್ರೆಡ್ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಜಾರಿಸಿ. ಬೇರಿಂಗನ್ನು ಪೆಟ್ರೋಲಲ್ಲಿ ತೊಳೆದು ಒಣಗಿಸಿ ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಅದೂ ಬದಲಾಗಬೇಕು.

ಪರೀಕ್ಷೆಗೆ ಬೇಕಾದ ಉಪಕರಣ ಎಷ್ಟೋ ಮನೆಗಳಲ್ಲಿ ಇರುತ್ತೆ: ಗಡಿಯಾರದ ಮುಖದ ಬಿಪಿ ಯಂತ್ರ. ತೋಳಪಟ್ಟಿ ತೆಗೆದು ಬಲ್ಬ್ ಮತ್ತು ಗೇಜ್ ಮಾತ್ರ ಸಾಕು. ಸಿಲಿಂಡರ್, ಹೆಡ್ ಕೂರಿಸಿ ಪ್ಲಗ್ ಬಿಗಿ ಮಾಡಿ. ಎರಡೂ ಎಕ್ಸಾಸ್ಟ್ ಪೋರ್ಟಿಗೆ ರಬ್ಬರ್ ಬಿರಡೆ ಹಾಕಿ, ಜಾರದ ಹಾಗೆ ಕಟ್ಟಿ. ಕಾರ್ಬ್ಯುರೇಟರ್ ಜಾಗಕ್ಕೆ ಟ್ಯೂಬಿನ ರಬ್ಬರ್ ಇಟ್ಟು ಅದರ ಮೇಲೆ ಸಣ್ಣ ಪೈಪ್ ತುಂಡು ಇರುವ ತಗಡು ಬಿಗಿ ಮಾಡಿ, ಬಿಪಿ ಕೊಳವೆಯನ್ನು ಆ ತುಂಡಿಗೆ ಸಿಕ್ಕಿಸಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಟ್ರಾನ್ಸ್‌ಫರ್ ಪೋರ್ಟ್ (ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಇರುವ ದಾರಿ) ತೆರೆದು ಸಿಲಿಂಡರ್, ಕ್ರ್ಯಾಂಕ್‌ಕೇಸ್ ಎರಡೂ ಒಂದೇ ಕೋಣೆಯಾಗುತ್ತೆ. ಇನ್‌ಲೆಟ್ ಪೋರ್ಟನ್ನು ಪಿಸ್ಟನ್ ಸ್ಕರ್ಟ್ ಮುಚ್ಚಿರುತ್ತೆ, ಆದರೂ ಗಾಳಿ ಅದರ ಪಕ್ಕದಿಂದ ನುಸುಳುತ್ತೆ. 250ರವರೆಗೆ ನಿಧಾನವಾಗಿ ಏರಿಸಿ, 300 ದಾಟಿಸಬೇಡಿ. ಒಂದು ನಿಮಿಷದಲ್ಲಿ 50ಕ್ಕಿಂತ ಕಡಿಮೆ ಇಳಿದರೆ ಸರಿ. ಸರ್ರನೆ ಇಳಿದರೆ ಸೋಪಿನ ನೊರೆ ಹಚ್ಚಿ: ಬಲಗಡೆ ಸೀಲ್, ಸಿಲಿಂಡರ್ ತಳದ ಗ್ಯಾಸ್ಕೆಟ್, ಕೇಸಿನ ಜೋಡಣೆ ಗೆರೆ, ಹೆಡ್. ಗುಳ್ಳೆ ಎಲ್ಲೂ ಏಳದೆ ಗಾಳಿ ಇಳಿಯುತ್ತಿದ್ದರೆ ಗೇರ್‌ಬಾಕ್ಸ್ ಆಯಿಲ್ ತುಂಬುವ ಬಾಯಿಗೆ ನೊರೆ ಹಿಡಿಯಿರಿ. ಅಲ್ಲಿ ಗುಳ್ಳೆ ಎದ್ದರೆ ಎಡಗಡೆ ಸೀಲೇ.

ಕ್ಲಚ್ ಬಿಚ್ಚಿದ್ದೀರಲ್ಲ, ಕಾರ್ಕ್ ಪ್ಲೇಟ್ ಹೊಸದು ಹಾಕೋದಾದರೆ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಯೇ ಹಾಕಿ. ಒಣ ಕಾರ್ಕ್ ಸುಟ್ಟುಹೋಗುತ್ತೆ. ಗೇರ್‌ಬಾಕ್ಸಿಗೆ ಎಸ್‌ಎಇ 40 ಸಾಕು. ಈಗಿನ ಕಾರುಗಳ ಜಾರುವ ಎಣ್ಣೆ ಹಾಕಿದರೆ ಕ್ಲಚ್ ಹಿಡಿಯೋದಿಲ್ಲ.

---

ಆರು_ವೋಲ್ಟ್

12ಕ್ಕೆ ಹೋಗುವ ಮುಂಚೆ 6 ವೋಲ್ಟ್ ಯಾಕೆ ಸೋಲುತ್ತೆ ಅಂತ ನೋಡಿ. 35 ವ್ಯಾಟಿನ ಹೆಡ್‌ಲೈಟ್ ಬಲ್ಬ್ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತೆ. ತುಕ್ಕು ಹಿಡಿದ ಒಂದು ಅರ್ಥ್, ಸಡಿಲವಾದ ಒಂದು ಫ್ಯೂಸ್ ಹಿಡಿ ಸೇರಿ 1 ವೋಲ್ಟ್ ನುಂಗಿದರೆ ಆರರಲ್ಲಿ ಒಂದು ಪಾಲೇ ಹೋಯಿತು. 12 ವೋಲ್ಟಿನಲ್ಲಿ ಇದೇ ದೋಷ ಅಷ್ಟಾಗಿ ಕಾಣಲ್ಲ, ಅಷ್ಟೇ. ಹೊಸ ವೈರಿಂಗ್ ಎಳೆಯುವಾಗ ಹೆಡ್‌ಲೈಟ್ ಮತ್ತು ಬ್ಯಾಟರಿ ಲೈನಿಗೆ 2.5 ಚದರ ಮಿ.ಮೀ. ತಂತಿ, ಉಳಿದದ್ದಕ್ಕೆ 1.5. ಎಂಜಿನ್‌ನಿಂದ ಫ್ರೇಮಿಗೆ, ಹೆಡ್‌ಲೈಟ್ ಚಿಪ್ಪಿನಿಂದ ಫ್ರೇಮಿಗೆ ಬೇರೆ ಬೇರೆ ಅರ್ಥ್ ತಂತಿ ಹಾಕಿ. ಬಣ್ಣದ ಮೇಲೆ ವಾಷರ್ ಕೂರಿಸಿದರೆ ಅರ್ಥ್ ಆಗೋದಿಲ್ಲ. ಇಷ್ಟಾದರೆ ಮೂಲ ಡೈನಮೋನೇ ಸಾಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ದಿನಾ ರಾತ್ರಿ ಓಡಿಸುವವರಿಗೆ ಮಾತ್ರ 12 ವೋಲ್ಟ್ ಕಿಟ್ ಹೇಳುತ್ತೇನೆ.

ಡೈನಮೋದಲ್ಲಿ ಕಾರ್ಬನ್ ಬ್ರಷ್ ಹಿಡಿಯಲ್ಲಿ ಸಲೀಸಾಗಿ ಜಾರಬೇಕು. ಕಮ್ಯುಟೇಟರನ್ನು ನುಣುಪು ಮರಳು ಕಾಗದದಲ್ಲಿ ಉಜ್ಜಿ (ಎಮೆರಿ ಬೇಡ, ಅದರ ಪುಡಿ ವಿದ್ಯುತ್ ಹರಿಸುತ್ತೆ), ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಅರ್ಧ ಮಿ.ಮೀ. ಆಳಕ್ಕೆ ಹೆರೆಯಿರಿ. ವರ್ಷಗಟ್ಟಲೆ ನಿಂತ ಡೈನಮೋ ತನ್ನ ಉಳಿಕೆ ಕಾಂತತ್ವ ಕಳೆದುಕೊಂಡು ಚಾರ್ಜೇ ಮಾಡದಿರಬಹುದು. ಬ್ಯಾಟರಿ ಜೋಡಿಸಿ, ಎಂಜಿನ್ ನಿಂತಿರುವಾಗ ರೆಗ್ಯುಲೇಟರಿನ ಕಟ್‌ಔಟ್ ಪಾಯಿಂಟನ್ನು (ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಸ್ವಿಚ್) ಕ್ಷಣಮಾತ್ರ ಒತ್ತಿ ಬಿಟ್ಟರೆ ಅದು ವಾಪಸ್ ಬರುತ್ತೆ. ಕೆಂಪು ದೀಪ ರೇಸ್ ಕೊಟ್ಟಾಗ ಆರಿದರೆ ಚಾರ್ಜ್ ಆಗುತ್ತಿದೆ.

ಇಗ್ನಿಷನ್: ಮೊದಲು ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಆಮೇಲೆ ಟೈಮಿಂಗ್. ತಿರುಗಾಮುರುಗಾ ಮಾಡಿದರೆ ಗ್ಯಾಪ್ ಸರಿಪಡಿಸಿದಾಗ ಟೈಮಿಂಗ್ ಮತ್ತೆ ಜರುಗುತ್ತೆ. ಪಿಸ್ಟನ್ ಮೇಲ್ತುದಿಗೆ ಎಷ್ಟು ಮಿ.ಮೀ. ಮೊದಲು ಕಿಡಿ ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ, ನಿಮ್ಮ ಮಾದರಿಯ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ. ಹೆಡ್ ತೆಗೆದು ಡೆಪ್ತ್ ಗೇಜಿನಿಂದ ಅಳೆದರೆ ನಿಖರ, ಓರೆ ಪ್ಲಗ್ ತೂತಿನಿಂದ ಅಳೆದರೆ ಅಂಕಿ ತಪ್ಪುತ್ತೆ. ಪಿಸ್ಟನ್ನನ್ನು ಆ ಜಾಗದಿಂದ ಸ್ವಲ್ಪ ಹಿಂದೆ ಒಯ್ದು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಮುಂದೆ ತಂದು ನಿಲ್ಲಿಸಿ. ಪಾಯಿಂಟಿಗೆ ಸಣ್ಣ 6 ವೋಲ್ಟ್ ಬಲ್ಬ್ ಸಿಕ್ಕಿಸಿ ಕೀ ಹಾಕಿ, ಬಲ್ಬ್ ಹೊತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ.

ಕಂಡೆನ್ಸರ್ ಹಳೇದನ್ನು ಇಟ್ಟುಕೊಳ್ಳಬೇಡಿ. ತಣ್ಣಗಿರುವಾಗ ಚೆನ್ನಾಗಿದ್ದು ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ ಎಂಜಿನ್ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗೋದು ಕಂಡೆನ್ಸರ್ ಸಾಯುವ ಲಕ್ಷಣ. ಪಾಯಿಂಟಿನಲ್ಲಿ ಹಳದಿ ಕಿಡಿ ಹಾರುತ್ತಿದ್ದರೂ ಅದೇ.

---

ಕ್ರೋಮ್_ಪಟ್ಟಿ

ಟ್ಯಾಂಕಿಗೆ ಸಿಟ್ರಿಕ್ ಆಸಿಡ್, ಅದೇ ಅಂಗಡಿಯ ನಿಂಬೆ ಉಪ್ಪು. ಲೀಟರಿಗೆ 100 ಗ್ರಾಂ ಲೆಕ್ಕದಲ್ಲಿ ಬಿಸಿನೀರಿನಲ್ಲಿ ಕರಗಿಸಿ, ಕಾಕ್ ಮತ್ತು ಮುಚ್ಚಳ ತೆಗೆದು ಕಾಕ್ ತೂತಿಗೆ ರಬ್ಬರ್ ಬಿರಡೆ ಹಾಕಿ ಬಾಯಿವರೆಗೂ ತುಂಬಿ. 12 ಗಂಟೆಗೊಮ್ಮೆ ಟಾರ್ಚ್ ಹಾಕಿ ನೋಡಿ, ಬೂದು ಲೋಹ ಕಂಡರೆ ಚೆಲ್ಲಿ. ಎರಡು ದಿನ ಮರೆತರೆ ಒಳ್ಳೇ ಲೋಹವನ್ನೂ ತಿನ್ನುತ್ತೆ. ಪಕ್ಕದ ಕ್ರೋಮ್ ಫಲಕದ ಮೇಲೆ ಚೆಲ್ಲಿದರೆ ಕೂಡಲೇ ತೊಳೆಯಿರಿ. ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರು, ಆಮೇಲೆ ಶುದ್ಧ ನೀರು, ತಕ್ಷಣ ಹೇರ್ ಡ್ರೈಯರ್, ತಕ್ಷಣವೇ ಒಳಗೆಲ್ಲ 2ಟಿ (ಟೂ ಸ್ಟ್ರೋಕ್) ಎಣ್ಣೆ ಸವರಿ. ಹತ್ತು ನಿಮಿಷ ತಡವಾದರೂ ಕಿತ್ತಳೆ ತುಕ್ಕು ಮತ್ತೆ ಏಳುತ್ತೆ. ಪೆಟ್ರೋಲ್ ವಾಸನೆ ಇರುವ ಟ್ಯಾಂಕಿಗೆ ವೆಲ್ಡಿಂಗ್, ಬೆಂಕಿ ಯಾವತ್ತೂ ಬೇಡ.

ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕೂ ಫ್ಲೋಟ್ ಬಟ್ಟಲೂ ಖಾಲಿ ಮಾಡಿ. ಪೈಪು ಎಥನಾಲ್ ತಡೆಯುವ ರಬ್ಬರಿನದ್ದಾಗಿರಲಿ. ಜಿಕೋವ್ ಜೆಟ್‌ಗೆ ಸ್ಟೀಲ್ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತೆ. ವೈರಿನಿಂದ ಬಿಡಿಸಿದ ಒಂದೆಳೆ ತಾಮ್ರ ಸಾಕು.

ಬಣ್ಣಕ್ಕೆ ಕೊಡುವಾಗ ಎರಡು ಮಾತು. ಎಂಜಿನ್ ಕೇಸನ್ನು ಸ್ಯಾಂಡ್ ಬ್ಲಾಸ್ಟ್ ಮಾಡಿಸಬೇಡಿ, ಎಣ್ಣೆ ದಾರಿಯಲ್ಲಿ ಸಿಕ್ಕ ಒಂದು ಮರಳಿನ ಕಾಳು ಹೊಸ ಬೇರಿಂಗ್ ತಿನ್ನುತ್ತೆ. ಫ್ರೇಮ್ ಬ್ಲಾಸ್ಟ್ ಮಾಡಿಸುವಾಗ ಚಾಸಿ ನಂಬರಿನ ಜಾಗಕ್ಕೆ ದಪ್ಪ ಟೇಪ್ ಸುತ್ತಿ, ಅದರ ಮೇಲೆ ಲಂಬಿ (ಪುಟ್ಟಿ) ತುಂಬಬಾರದು ಅಂತ ಬರೆದೇ ಕೊಡಿ. ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಯಲು ಹೊರಗಿನ ಗಾಳಿ ತರುವ ಮಾಸ್ಕ್ ಬೇಕು, ಮನೆ ಗ್ಯಾರೇಜಿನಲ್ಲಿ ಆ ಕೆಲಸ ಮಾಡಬೇಡಿ.

---

ಕಡತ_ನೋಡುವವ

ಆರ್‌ಸಿಗೆ ಎರಡು ದಾರಿ. ಮಾಮೂಲಿಯಾಗಿ ಓಡಿಸಬೇಕಾದರೆ ಫಾರ್ಮ್ 25ರಲ್ಲಿ ನವೀಕರಣ, ಆರ್‌ಟಿಒ ಪರಿಶೀಲನೆ, 5 ವರ್ಷದ ಅವಧಿ. ಹಳೇ ಪುಸ್ತಕದ ವಿವರ ಕಂಪ್ಯೂಟರಿಗೆ ಏರಿರದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸೋದು) ಮಾಡಿಸಬೇಕು. ಇನ್ನೊಂದು, 2021ರ ವಿಂಟೇಜ್ ನಿಯಮ: 50 ವರ್ಷ ದಾಟಿದ, ಚಾಸಿ ಮತ್ತು ಎಂಜಿನ್ ಮೂಲರೂಪದಲ್ಲಿರುವ ಗಾಡಿಗೆ. 1968ರದ್ದಕ್ಕೆ ಅನ್ವಯಿಸುತ್ತೆ, ಹಳೇ ನಂಬರೂ ಉಳಿಯುತ್ತೆ, ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅಂಗಡಿ, ಆಫೀಸು ಅಂತ ಓಡಿಸುವವರಿಗೆ ಮೊದಲನೆಯದೇ ಸರಿ. ಬಣ್ಣ ಬದಲಿಸುವ ಆಲೋಚನೆ ಇದ್ದರೆ ಆರ್‌ಸಿಯಲ್ಲಿ ಏನು ಬರೆದಿದೆ ಅಂತ ಈಗಲೇ ನೋಡಿಕೊಳ್ಳಿ.

---

ಬೋರಿಂಗ್_ಬೆಂಚ್

ಮೊದಲ ಸ್ಟಾರ್ಟ್ ಬಗ್ಗೆ ಯಾರೂ ಬರೆದಿಲ್ಲ. ಹೊಸ ಬೋರಿಗೆ ಮೊದಲ 500 ಕಿ.ಮೀ. ಲೀಟರ್ ಪೆಟ್ರೋಲಿಗೆ 50 ಮಿ.ಲೀ. 2ಟಿ, ಆಮೇಲೆ 40. ಸ್ಕೂಟರಿಗೆ ಬರೆದ 20 ಮಿ.ಲೀ. ಲೆಕ್ಕ ಈ ಎಂಜಿನ್‌ಗೆ ಹಾಕಬೇಡಿ. ಎಣ್ಣೆಯನ್ನು ಡಬ್ಬದಲ್ಲಿ ಬೆರೆಸಿ, ಆಮೇಲೆ ಟ್ಯಾಂಕಿಗೆ. ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತೆ, ಹಾಗಾಗಿ "ಸುರಕ್ಷಿತವಾಗಿರಲಿ" ಅಂತ 80, 100 ಸುರಿಯೋದೂ ತಪ್ಪು.

ಸ್ಟಾರ್ಟ್ ಆದ ಮೇಲೆ ನಿಂತಲ್ಲೇ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಗಾಳಿ ಬೀಸದೆ ಸಿಲಿಂಡರ್ ಕಾಯುತ್ತೆ. ಪೂರ್ತಿ ತಣಿಯಲು ಬಿಟ್ಟು ಹೆಡ್ ನಟ್‌ಗಳನ್ನು ಅಡ್ಡಡ್ಡ ಕ್ರಮದಲ್ಲಿ ಮತ್ತೊಮ್ಮೆ ಬಿಗಿ ಮಾಡಿ. ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರ್ ಒಳಗೆ, ವೇಗವನ್ನು ಏರಿಸಿ ಇಳಿಸಿ ಓಡಿಸಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ ತಿರುಗುತ್ತಿದ್ದರೂ ಎಣ್ಣೆ ಸಿಗೋದಿಲ್ಲ. ಎಣ್ಣೆ ಬರೋದು ಪೆಟ್ರೋಲಿನ ಜೊತೆಗೇ, ಅದಕ್ಕೆ ಆಗಾಗ ಸ್ವಲ್ಪ ತೆರೆದು ಮುಚ್ಚಿ. ಏರಿನಲ್ಲಿ ಎಂಜಿನ್ ಸದ್ದು ಒಣಗಿ ಶಕ್ತಿ ಇಳಿದ ಹಾಗೆ ಅನಿಸಿದರೆ ಸೀಜ್ ಆಗುವ ಮುನ್ಸೂಚನೆ: ಆ ಕ್ಷಣವೇ ಕ್ಲಚ್ ಹಿಡಿದು ಆಕ್ಸಿಲರೇಟರ್ ಮುಚ್ಚಿ, ಪಕ್ಕಕ್ಕೆ ನಿಲ್ಲಿಸಿ. 50 ಕಿ.ಮೀ. ಆದ ಮೇಲೆ ಪ್ಲಗ್ ತೆಗೆದು ನೋಡಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬಿಳಿಚಿದ್ದರೆ ಮೇನ್ ಜೆಟ್ ಮುಟ್ಟುವ ಮೊದಲು ಬಿಪಿ ಗೇಜ್ ಹಾಕಿ ಇನ್ನೊಂದು ಸಲ ಗಾಳಿ ಪರೀಕ್ಷೆ ಮಾಡಿ.